ತೂಕ ಇಳಿಸುವ ಆಪರೇಷನ್‌ಗೆ ದಿನ ಹಿಡಿಯುವುದು ಹೇಗೆ? ರಜೆ, ಮದುವೆ ಸೀಸನ್, ಊರಿನವರ ಪ್ರಶ್ನೆ ಎಲ್ಲ ನೋಡಿಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಕರಾವಳಿಯಲ್ಲಿ ಆಸ್ಪತ್ರೆಗೆ ಹೋಗಿ ಬಂದದ್ದನ್ನು ಗುಟ್ಟಾಗಿ ಇಡುವುದು ಸುಲಭ ಅಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಆಸ್ಪತ್ರೆ ಲಿಫ್ಟಿನ ಎದುರು ಪರಿಚಯದವರೊಬ್ಬರು ಸಿಕ್ಕಿದರೆ ಸಾಕು, ಸಂಜೆಯೊಳಗೆ ಸುರತ್ಕಲ್‌ನ ಚಿಕ್ಕಮ್ಮನ ಫೋನು ಬರುತ್ತದೆ: "ಎಂತ ಆಯ್ತು? ಯಾರಿಗೆ ಹುಷಾರಿಲ್ಲ?" ಕೇಳುವುದು ಪ್ರೀತಿಯಿಂದಲೇ. ಆದರೆ ತೂಕದ ಆಪರೇಷನ್ ಎಂದು ಗೊತ್ತಾದ ಕೂಡಲೇ ಪ್ರೀತಿ ಬುದ್ಧಿಮಾತಿಗೆ ತಿರುಗುತ್ತದೆ. "ಬೆಳಿಗ್ಗೆ ಎದ್ದು ವಾಕಿಂಗ್ ಮಾಡಿದ್ರೆ ಸಾಕಿತ್ತಲ್ವಾ?" ವರ್ಷಗಟ್ಟಲೆ ಡಯಟ್, ವಾಕಿಂಗ್, ಜಿಮ್ ಎಲ್ಲ ಮಾಡಿ, ಶುಗರ್, ಬಿಪಿ, ಗಂಟುನೋವಿನ ಜೊತೆ ಹೆಣಗಿ ಈ ತೀರ್ಮಾನಕ್ಕೆ ಬಂದವರಿಗೆ ಆ ಮಾತು ಕೇಳುವ ತ್ರಾಣ ಇರುವುದಿಲ್ಲ.

ನಿಮ್ಮ ದೇಹದ ವಿಷಯ ನಿಮ್ಮದು. ಹೇಳದೆ ಇರುವ ಹಕ್ಕು ನಿಮಗೆ ಪೂರ್ತಿ ಇದೆ. ಆದರೆ ಒಂದು ಗೆರೆ ಹಾಕಿಕೊಂಡೇ ಮುಂದೆ ಹೋಗಿ: ಗುಟ್ಟಿಗಾಗಿ ಚಿಕಿತ್ಸೆಯಲ್ಲಿ ಯಾವುದನ್ನೂ ಬಿಡಬೇಡಿ. ಒಳ್ಳೆಯ ಆಸ್ಪತ್ರೆ, ಪೂರ್ತಿ ವಿಶ್ರಾಂತಿ, ತಪಾಸಣೆಯ ದಿನಗಳು ಮೊದಲು. ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಳ್ಳಬೇಕು.

ಮೊದಲು ದೇಹದ ಲೆಕ್ಕ

ದಿನ ಹುಡುಕುವ ಮೊದಲು ದೇಹಕ್ಕೆ ಎಷ್ಟು ಸಮಯ ಬೇಕು ಎಂದು ತಿಳಿದುಕೊಳ್ಳಿ. ಸಾಮಾನ್ಯವಾಗಿ ಮಾಡುವುದು ಸ್ಲೀವ್ (ಜಠರದ ಬಹುಭಾಗ ತೆಗೆದು ಕೊಳವೆಯಷ್ಟು ಉಳಿಸುವುದು) ಅಥವಾ ಬೈಪಾಸ್ (ಹೃದಯದ್ದಲ್ಲ, ಜಠರದ ಸಣ್ಣ ಚೀಲ ಮಾಡಿ ಅದನ್ನು ಕರುಳಿಗೆ ಸೇರಿಸುವುದು). ಎರಡನ್ನೂ ಹೊಟ್ಟೆಯಲ್ಲಿ ಸಣ್ಣ ತೂತುಗಳನ್ನು ಮಾಡಿ, ಲ್ಯಾಪರೋಸ್ಕೋಪಿಯಲ್ಲಿ ಮಾಡುತ್ತಾರೆ. ಆಸ್ಪತ್ರೆಯಲ್ಲಿ 2-3 ದಿನ ಸಾಕು. ಜನ ಇಷ್ಟನ್ನೇ ಕೇಳಿಸಿಕೊಂಡು "ಒಂದು ವಾರ ರಜೆ ಹಾಕಿದರೆ ಆಯ್ತು" ಅಂದುಕೊಳ್ಳುತ್ತಾರೆ. ಹಾಗಲ್ಲ.

ತಯಾರಿಯೇ ಎರಡು ಮೂರು ತಿಂಗಳು ಹಿಡಿಯಬಹುದು. ರಕ್ತ ಪರೀಕ್ಷೆ, ಎಂಡೋಸ್ಕೋಪಿ, ಪಿತ್ತಕೋಶದ ಕಲ್ಲು ನೋಡಲು ಸ್ಕ್ಯಾನಿಂಗ್, ಹೃದಯದ ಪರೀಕ್ಷೆ, ಗೊರಕೆ ಜಾಸ್ತಿ ಇದ್ದರೆ ನಿದ್ರೆಯ ಪರೀಕ್ಷೆ, ಡಯಟಿಷಿಯನ್ ಮತ್ತು ಮನಶ್ಶಾಸ್ತ್ರಜ್ಞರ ಭೇಟಿ. ಸಿಗರೇಟು ಸೇದುವವರು ಕಡಿಮೆ ಎಂದರೂ 6 ವಾರ ಮೊದಲೇ ಬಿಡಬೇಕು. ಆಪರೇಷನ್‌ಗೆ ಮುಂಚಿನ ಸುಮಾರು 2 ವಾರ ಲಿವರ್ ಕುಗ್ಗಿಸಲು ಕಟ್ಟುನಿಟ್ಟಿನ ಪಥ್ಯ ಇರುತ್ತದೆ. ಅನ್ನ, ಸಿಹಿ, ಕುಡಿತ ಎಲ್ಲ ಬಂದ್. ಈ ಎರಡು ವಾರವನ್ನು ಲೆಕ್ಕಕ್ಕೆ ಸೇರಿಸಲು ತುಂಬಾ ಜನ ಮರೆಯುತ್ತಾರೆ.

ಆಪರೇಷನ್ ಆದ ಮೇಲೆ ಸುಮಾರು 2 ವಾರ ಬರೀ ದ್ರವ. ನಂತರ 2 ವಾರ ನುಣ್ಣಗೆ ಅರೆದದ್ದು, ಮತ್ತೆರಡು ವಾರ ಮೆತ್ತಗಿನ ಊಟ. ಮಾಮೂಲಿ ಊಟ, ಅದೂ ಕೆಲವೇ ತುತ್ತು, ಶುರುವಾಗುವುದು 6ರಿಂದ 8 ವಾರಕ್ಕೆ. ಭಾರ ಎತ್ತುವುದು 4ರಿಂದ 6 ವಾರ ಬೇಡ. ತುಂಬಿದ ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ, ಎತ್ತಿಕೊಳ್ಳಬೇಕೆಂದು ಅಳುವ ಮಗು, ಎಲ್ಲವೂ ಇದರಲ್ಲಿ ಬಂತು. 3ರಿಂದ 6 ತಿಂಗಳ ನಡುವೆ ಕೂದಲು ಉದುರುವುದು ಸಾಮಾನ್ಯ. ಆಮೇಲೆ ಮತ್ತೆ ಬೆಳೆಯುತ್ತದೆ. ತೂಕ ಒಂದು, ಒಂದೂವರೆ ವರ್ಷದವರೆಗೆ ಇಳಿಯುತ್ತಾ ಹೋಗುತ್ತದೆ.

ನಿಮ್ಮ ಸರ್ಜನ್ ಕೊಡುವ ಪಟ್ಟಿ ಇದಕ್ಕಿಂತ ಸ್ವಲ್ಪ ಬೇರೆ ಇರಬಹುದು. ಆಗ ಅವರ ಮಾತೇ ಕೊನೆ.

ಆಟಿ ತಿಂಗಳು ಯಾಕೆ ಒಳ್ಳೆಯದು

ನನ್ನನ್ನು ಯಾರಾದರೂ ಕೇಳಿದರೆ ನಾನು ಹೇಳುವುದು ಆಟಿಯನ್ನೇ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ತುಳುವರಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಮೇ ಕೊನೆಯ ಪತ್ತನಾಜೆ ಕಳೆದ ಮೇಲೆ ದೈವಗಳ ನೇಮ, ಕೋಲ ನಿಂತಿರುತ್ತವೆ. ಯಕ್ಷಗಾನ ಮೇಳಗಳೂ ತಿರುಗಾಟ ಮುಗಿಸಿರುತ್ತವೆ. ಮಳೆ ಜೋರಿರುವುದರಿಂದ ಸುಮ್ನೆ ಮನೆಗೆ ಬಂದು ಕೂರುವವರೂ ಕಡಿಮೆ. ಎರಡು ಮೂರು ವಾರ ನೀವು ಯಾರ ಕಣ್ಣಿಗೂ ಬೀಳದಿದ್ದರೆ ಯಾರೂ ಕೇಳುವುದಿಲ್ಲ.

ಒಂದು ಉದಾಹರಣೆ ಲೆಕ್ಕ ಹಾಕೋಣ. ಜುಲೈ 20ಕ್ಕೆ ಆಪರೇಷನ್ ಅಂದುಕೊಳ್ಳಿ. ಪಥ್ಯ ಜುಲೈ 6ರಿಂದ. ದ್ರವಾಹಾರ ಆಗಸ್ಟ್ ಮೊದಲ ವಾರಕ್ಕೆ ಮುಗಿಯುತ್ತದೆ. ಅರೆದ ಊಟ ಶುರುವಾಗುವ ಹೊತ್ತಿಗೆ ಇನ್ನೊಂದು ಅನುಕೂಲ ಉಂಟು: ಯಾಂತ್ರೀಕೃತ ಮೀನುಗಾರಿಕೆಯ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಆಪರೇಷನ್ ಆದವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಮುಳ್ಳು ತೆಗೆದು ನುಣ್ಣಗೆ ಹಿಸುಕಿದ ಕಾಣೆ ಮೀನಿನಷ್ಟು ಹಗುರವಾದ ಪ್ರೋಟೀನ್ ನಮ್ಮ ಅಡುಗೆಮನೆಯಲ್ಲಿ ಬೇರೆ ಇಲ್ಲ. ಸಸ್ಯಾಹಾರಿಗಳಿಗೆ ತೊವ್ವೆ, ಮೊಸರು, ಮೆತ್ತಗಿನ ಪನೀರ್, ಜೊತೆಗೆ ಪ್ರೋಟೀನ್ ಪುಡಿ. ಗಂಜಿ ತೆಳಿ ಮೊದಲ ದಿನಗಳಲ್ಲಿ ಗಂಟಲಿಗೆ ಹಿತ, ನಿಜ. ಆದರೆ ಅದರಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. "ಗಂಜಿ ಕುಡೀತಾ ಇದ್ದಾಳೆ, ಸಾಕು" ಎಂದು ಅಮ್ಮ ಸಮಾಧಾನ ಪಡುವಂತಿಲ್ಲ.

ಚೌತಿ ಹೊತ್ತಿಗೆ ನಿಮ್ಮ ತಟ್ಟೆ ಮೆತ್ತಗಿನ ಊಟದಿಂದ ಮಾಮೂಲಿ ಊಟದ ಕಡೆಗೆ ಬಂದಿರುತ್ತದೆ. ಕ್ರೈಸ್ತರ ಮನೆಯಲ್ಲಾದರೆ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೂ ಇದೇ ಲೆಕ್ಕ. ನವರಾತ್ರಿಗೆ ಮೈಯಲ್ಲಿ ಬಲ ಬಂದಿರುತ್ತದೆ. ಡಿಸೆಂಬರ್‌ನ ಮದುವೆ ಸೀಸನ್‌ಗೆ ನೀವು ಓಡಾಡಬಲ್ಲಿರಿ.

ಆಟಿಯಲ್ಲಿ ಎರಡು ಎಚ್ಚರಿಕೆ. ಒಂದು, ಆಟಿ ಅಮಾವಾಸ್ಯೆಯ ದಿನ ಕುಡಿಯುವ ಪಾಲೆ ಮರದ ತೊಗಟೆಯ ಕಷಾಯ. ಹೊಲಿಗೆ ಹಸಿ ಇರುವ ಹೊಟ್ಟೆಗೆ ಆ ಕಹಿ, ಖಾರದ ಕಷಾಯ ಬೇಡ. ಈ ವರ್ಷ ಬಿಡಿ. ಸಂಘಗಳ 'ಆಟಿಡೊಂಜಿ ದಿನ' (ಆಟಿಯಲ್ಲೊಂದು ದಿನ) ಕಾರ್ಯಕ್ರಮಕ್ಕೂ ಈ ಸಲ ಹೋಗಬೇಡಿ, ಅಲ್ಲಿ ಬಡಿಸಿದ್ದನ್ನು ಬೇಡ ಎನ್ನುವುದು ಕಷ್ಟ. ಎರಡನೆಯದು ಜ್ವರ, ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ. ಅದು ತುಂಬಾ ಮುಖ್ಯ.

ಎಲ್ಲರಿಗೂ ಆಟಿ ಆಗುವುದಿಲ್ಲ. ಶಿಕ್ಷಕರಿಗೆ ರಜೆ ಇರುವುದು ಏಪ್ರಿಲ್, ಮೇಯಲ್ಲಿ. ಆದರೆ ಅದೇ ಮದುವೆ, ಉಪನಯನ, ಬ್ರಹ್ಮಕಲಶದ ಕಾಲ. ಹಾಗಾದರೆ ಪರೀಕ್ಷೆ ಮುಗಿದ ಮರುವಾರವೇ ಮಾಡಿಸಿ, ಮೇ ಕೊನೆಯ ಮದುವೆಗಳಿಗೆ ಮಾತ್ರ ಹೋಗಿ. ಬ್ಯಾಂಕಿನವರು ಮಾರ್ಚ್ ಮುಟ್ಟಬೇಡಿ. ಲೆಕ್ಕಪತ್ರದ ಕೆಲಸದವರು ರಿಟರ್ನ್ ಸಲ್ಲಿಸುವ ತಿಂಗಳುಗಳನ್ನು ಬಿಡಿ. ಮುಸ್ಲಿಮರು ರಂಜಾನ್ ಎಷ್ಟು ದೂರ ಇದೆ ಎಂದು ನೋಡಿಕೊಂಡು ಸರ್ಜನ್ ಜೊತೆ ಮೊದಲೇ ಮಾತಾಡಿ. ನೀರನ್ನು ಗುಟುಕು ಗುಟುಕಾಗಿ ಇಡೀ ದಿನ ಕುಡಿಯಬೇಕಾದ ತಿಂಗಳುಗಳಲ್ಲಿ ಉಪವಾಸ ಅಪಾಯ. ಗಲ್ಫಿನಿಂದ ಒಂದು ತಿಂಗಳ ರಜೆಗೆ ಬರುವವರು ಊರಿಗೆ ಬಂದ ಮೊದಲ ವಾರದಲ್ಲೇ ಮಾಡಿಸಬೇಕು, ಪರೀಕ್ಷೆಗಳೆಲ್ಲ ಬರುವ ಮೊದಲೇ ಆಗಿರಬೇಕು. ಆಪರೇಷನ್ ಆದ ಹೊಸದರಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ. ವಾಪಸು ವಿಮಾನ ಹತ್ತಲು ಸರ್ಜನ್ ಒಪ್ಪಿಗೆ ಬೇಕೇ ಬೇಕು.

ಮುಂದೆ ದೊಡ್ಡ ಕಾರ್ಯಕ್ರಮ ಇದ್ದರೆ ಹಿಂದಕ್ಕೆ ಎಣಿಸಿ

ತಂಗಿಯ ಮದುವೆ, ಮಗನ ಉಪನಯನ, ಕುಟುಂಬದ ನಾಗಮಂಡಲ. ಇಂಥದ್ದೇನಾದರೂ ಇದ್ದರೆ ಅದಕ್ಕೂ ಆಪರೇಷನ್‌ಗೂ ನಡುವೆ ಕನಿಷ್ಠ 3 ತಿಂಗಳು ಇಟ್ಟುಕೊಳ್ಳಿ. ಅಷ್ಟು ಸಿಗದಿದ್ದರೆ ಕಾರ್ಯಕ್ರಮ ಮುಗಿಸಿಯೇ ಮಾಡಿಸಿ. "ಮದುವೆಯಲ್ಲಿ ಸಪೂರ ಕಾಣಬೇಕು" ಎಂದು ತಿಂಗಳ ಮೊದಲು ಆಪರೇಷನ್‌ಗೆ ಹೊರಡುವುದು ಬೇಡ. ಫೋಟೋದಲ್ಲಿ ಬಾಡಿದ ಮುಖ ಬರುತ್ತದೆ, ಮೆಹಂದಿಯ ರಾತ್ರಿಯೇ ಸುಸ್ತಾಗುತ್ತದೆ.

ಕೂದಲಿನ ಲೆಕ್ಕವನ್ನೂ ಹಾಕಿ. ಆಗಸ್ಟ್‌ನಲ್ಲಿ ಮಾಡಿಸಿದರೆ ಕೂದಲು ಉದುರುವುದು ನವೆಂಬರ್‌ನಿಂದ, ಅಂದರೆ ಸರಿಯಾಗಿ ಮದುವೆ ಕಾಲಕ್ಕೆ. ಮಲ್ಲಿಗೆ ಮುಡಿಯುವಷ್ಟು ಜಡೆ ಉಳಿದೇ ಇರುತ್ತದೆ, ಹೆದರಬೇಡಿ. ಆದರೆ ಆಗ ಗಾಬರಿಯಾಗಿ ಪ್ರೋಟೀನ್ ಬಿಟ್ಟು ಎಣ್ಣೆ ಬದಲಿಸುವುದರಲ್ಲಿ ಅರ್ಥ ಇಲ್ಲ.

ರವಿಕೆ ವಿಷಯ ಒಂದಿದೆ. ಅಳತೆ ಕೊಟ್ಟು ಎರಡು ತಿಂಗಳ ಮೇಲೆ ಹಾಕಿಕೊಂಡರೆ ತೋಳು ಜೋತುಬೀಳುತ್ತದೆ, ಕೊರಳು ಜಾರುತ್ತದೆ. ಪಕ್ಕದಲ್ಲಿ ಕುಳಿತವರಿಗೆ ನೀವು ಎಷ್ಟು ಇಳಿದಿದ್ದೀರಿ ಎಂದು ನಿಮ್ಮ ರವಿಕೆಯೇ ಹೇಳುತ್ತದೆ. ಬಟ್ಟೆ ತೆಗೆದಿಡಿ, ಹೊಲಿಯಲು ಕೊಡುವುದು ಕೊನೆಯ ವಾರ. ಇರುವ ರವಿಕೆಗಳಿಗೆ ಪಕ್ಕದಲ್ಲಿ ಒಂದು ಹೊಲಿಗೆ ಹಾಕಿಸುತ್ತಾ ಹೋಗಿ. ಬೆರಳಿನ ಉಂಗುರ, ಕೈಬಳೆ ಸಡಿಲವಾಗುತ್ತವೆ. ಮಳೆಯಲ್ಲಿ ಕೈ ತೊಳೆಯುವಾಗ ಉಂಗುರ ಜಾರಿ ಹೋದರೆ ಸಿಗುವುದಿಲ್ಲ, ಸ್ವಲ್ಪ ದಿನ ತೆಗೆದಿಡಿ.

ಗಂಡಸರಿಗೆ ಬೇರೆ ಸಮಸ್ಯೆ. ಉಡುಪಿ ಕೃಷ್ಣ ಮಠ, ಧರ್ಮಸ್ಥಳ ಇಲ್ಲೆಲ್ಲ ಅಂಗಿ ತೆಗೆದೇ ಒಳಗೆ ಹೋಗಬೇಕು. ಹೊಟ್ಟೆಯ ಮೇಲಿನ ನಾಲ್ಕೈದು ಸಣ್ಣ ಗಾಯದ ಗುರುತು ಕೆಲವು ತಿಂಗಳು ಕೆಂಪಾಗಿ ಕಾಣುತ್ತದೆ. ಕುಟುಂಬದವರೆಲ್ಲ ಸೇರಿ ಹೋಗುವ ಹರಕೆ ಇದ್ದರೆ ಆಪರೇಷನ್‌ಗೆ ಮೊದಲೇ ತೀರಿಸಿ ಬನ್ನಿ. ಶಾಲನ್ನು ಅಗಲವಾಗಿ ಹೊದ್ದರೂ ನಡೆಯುತ್ತದೆ. ಸೀರೆ ಉಡುವವರು ಸೆರಗಿಗೆ ಇನ್ನೊಂದು ಪಿನ್ ಹಾಕಿದರೆ ಸಾಕು.

ಮದುವೆ ನಿಮ್ಮದೇ ಆದರೆ, ಕೈ ಹಿಡಿಯುವವರಿಗೆ ಮೊದಲೇ ಹೇಳಿ. ಇಲ್ಲಿ ಗುಟ್ಟು ಬೇಡ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಆಪರೇಷನ್ ಆದ ಮೇಲೆ 12ರಿಂದ 18 ತಿಂಗಳು ಗರ್ಭ ಧರಿಸಬಾರದು. ಮದುವೆಯಾಗಿ ಮೂರು ತಿಂಗಳಿಗೆ "ಎಂತ, ವಿಶೇಷ ಉಂಟಾ?" ಎಂಬ ಪ್ರಶ್ನೆ ಶುರುವಾಗುವ ಊರಿದು. ಅದನ್ನು ಇಬ್ಬರೂ ಸೇರಿ ಎದುರಿಸಬೇಕು. ಬೈಪಾಸ್ ಆದವರಿಗೆ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹತ್ತದೆ ಇರಬಹುದು, ತೂಕ ಇಳಿದಾಗ ಗರ್ಭ ನಿಲ್ಲುವ ಸಾಧ್ಯತೆಯೂ ಹೆಚ್ಚುತ್ತದೆ. ಬೇರೆ ಉಪಾಯವನ್ನು ವೈದ್ಯರಲ್ಲಿ ಕೇಳಿ ಇಟ್ಟುಕೊಳ್ಳಿ.

ಊರಲ್ಲೇ ಮಾಡಿಸಬೇಕೋ, ಬೆಂಗಳೂರಿಗೆ ಹೋಗಬೇಕೋ?

ಗುಟ್ಟಿಗಾಗಿ ಬೆಂಗಳೂರಿಗೆ ಹೋಗುವವರು ಇದ್ದಾರೆ. ಆಪರೇಷನ್ ಅಲ್ಲಿ ಚೆನ್ನಾಗಿಯೇ ಆಗುತ್ತದೆ. ಕಷ್ಟ ಆಮೇಲೆ. ಮಳೆಗಾಲದಲ್ಲಿ ಬೆಂಗಳೂರು ದಾರಿಯ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಆ ದಾರಿ ಬಂದ್. ಏಳೆಂಟು ಗಂಟೆ ಕಾರಿನಲ್ಲಿ ಕಾಲು ಮಡಚಿ ಕೂರುವುದು ರಕ್ತ ಹೆಪ್ಪುಗಟ್ಟುವ ಭಯ ಇರುವ ಆ ದಿನಗಳಲ್ಲಿ ಒಳ್ಳೆಯದಲ್ಲ. ರಾತ್ರಿ ಎರಡು ಗಂಟೆಗೆ ವಾಂತಿ ನಿಲ್ಲದಿದ್ದರೆ ನಿಮ್ಮ ಸರ್ಜನ್ 350 ಕಿಲೋಮೀಟರ್ ದೂರ. ಹೋಗುವುದೇ ಆದರೆ ಮೊದಲ ತಪಾಸಣೆ ಮುಗಿಯುವವರೆಗೆ ಅಲ್ಲೇ ಉಳಿಯಿರಿ. ಬರುವಾಗ ರೈಲಿನ ಬರ್ತ್ ಒಳ್ಳೆಯದು. ಕಾರಾದರೆ ಗಂಟೆಗೊಮ್ಮೆ ಇಳಿದು ನಡೆಯಿರಿ.

ನನಗೆ ಸರಿ ಕಾಣುವುದು ನಡುವಿನ ದಾರಿ. ಉಡುಪಿಯವರು ಮಂಗಳೂರಿಗೆ ಬರಲಿ, ಮಂಗಳೂರಿನವರು ಮಣಿಪಾಲಕ್ಕೆ ಹೋಗಲಿ. ಸುಮಾರು 60 ಕಿಲೋಮೀಟರ್, ಒಂದೂವರೆ ಗಂಟೆ. ಪರಿಚಯದವರು ಸಿಗುವುದು ಕಡಿಮೆ, ತುರ್ತಿಗೆ ಓಡಲೂ ಆಗುತ್ತದೆ. ಕುಂಟಿಕಾನ, ಕಂಕನಾಡಿ, ದೇರಳಕಟ್ಟೆಯ ದೊಡ್ಡ ಆಸ್ಪತ್ರೆಗಳಿಗೆ ಕಾಸರಗೋಡಿನಿಂದ ಕೊಡಗಿನವರೆಗೆ ಜನ ಬರುತ್ತಾರೆ. ಆ ಗುಂಪಿನಲ್ಲಿ ನಿಮ್ಮನ್ನು ಗುರುತಿಸುವವರು ಕಡಿಮೆ. ಆಸ್ಪತ್ರೆ ಆರಿಸುವಾಗ ಕೇಳಬೇಕಾದದ್ದು ಇಷ್ಟು: ಸರ್ಜನ್ ಈ ಆಪರೇಷನ್ನನ್ನು ಆಗಾಗ ಮಾಡುತ್ತಾರಾ, ಐಸಿಯು ಉಂಟಾ, ಡಯಟಿಷಿಯನ್ ಆಮೇಲೂ ಸಿಗುತ್ತಾರಾ?

ಸೇರುವ ದಿನ ಕೌಂಟರಿನಲ್ಲಿ ಹೇಳಿ, "ನನ್ನ ಬಗ್ಗೆ ವಿಚಾರಿಸಿದವರಿಗೆ ರೂಮ್ ನಂಬರ್ ಕೊಡಬೇಡಿ." ರೋಗಿಯ ವಿಷಯ ಹೊರಗೆ ಹೇಳಬಾರದು ಎಂಬುದು ವೈದ್ಯರ 2002ರ ವೃತ್ತಿ ನಿಯಮಗಳಲ್ಲೇ ಇದೆ. ಕೇಳಲು ಸಂಕೋಚ ಬೇಡ.

ಇನ್ಶೂರೆನ್ಸ್

2019ರಲ್ಲಿ ವಿಮೆಯ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ ಗೊತ್ತುಮಾಡಿದ ಶರತ್ತಿನಂತೆ, ಈ ಆಪರೇಷನ್‌ಗೆ ವಿಮೆ ಸಿಗಬೇಕಾದರೆ 18 ವರ್ಷ ಆಗಿರಬೇಕು. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 40 ಅಥವಾ ಅದಕ್ಕಿಂತ ಹೆಚ್ಚಿರಬೇಕು, ಇಲ್ಲವೇ 35 ಅಥವಾ ಹೆಚ್ಚಿದ್ದು ಹತೋಟಿಗೆ ಬಾರದ ಶುಗರ್, ತೀವ್ರ ಸ್ಲೀಪ್ ಅಪ್ನಿಯಾ (ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುವುದು), ಹೃದಯದ ಕಾಯಿಲೆ ಇಂಥದ್ದು ಇರಬೇಕು. ಬೇರೆ ವಿಧಾನದಲ್ಲಿ ತೂಕ ಇಳಿದಿಲ್ಲ ಎಂಬ ದಾಖಲೆಯೂ ಬೇಕು. 160 ಸೆಂಟಿಮೀಟರ್ ಎತ್ತರದವರಿಗೆ 90 ಕಿಲೋ ಎಂದರೆ ಬಿಎಂಐ ಸುಮಾರು 35. ವೈದ್ಯರ ಲೆಕ್ಕ ಇದಕ್ಕಿಂತ ಸಡಿಲ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ 27.5 ಅಥವಾ ಹೆಚ್ಚಿದ್ದರೇ ಸರ್ಜರಿ ಸೂಚಿಸಬಹುದು ಎನ್ನುತ್ತದೆ. ಹಾಗಾಗಿ ಡಾಕ್ಟರ್ ಹೂಂ ಅಂದರೂ ವಿಮೆಯವರು ಉಹೂಂ ಅನ್ನಬಹುದು. ದಿನ ಗೊತ್ತುಮಾಡುವ ಮೊದಲೇ ಕೇಳಿ.

ಗುಟ್ಟಿನ ದೃಷ್ಟಿಯಿಂದ ಎರಡು ಮಾತು. ಕುಟುಂಬದ ಪಾಲಿಸಿ ಅಪ್ಪನ ಹೆಸರಿನಲ್ಲೋ ಗಂಡನ ಹೆಸರಿನಲ್ಲೋ ಇದ್ದರೆ ಮೆಸೇಜ್ ಹೋಗುವುದು ಅವರ ಮೊಬೈಲಿಗೆ. ಕಂಪನಿಯ ಗ್ರೂಪ್ ಪಾಲಿಸಿಯಾದರೆ ಕ್ಲೇಮ್ ಕಾಗದ ಎಚ್‌ಆರ್ ಮೂಲಕ ಹೋಗುತ್ತದಾ, ವಿಮೆಯ ಕ್ಲೇಮ್ ನೋಡಿಕೊಳ್ಳುವ ಮಧ್ಯವರ್ತಿ ಸಂಸ್ಥೆ ಟಿಪಿಎಗೆ ನೇರ ಹೋಗುತ್ತದಾ ಎಂದು ವಿಚಾರಿಸಿ. ಆಪರೇಷನ್ ಹೆಸರು ಎತ್ತಬೇಡಿ, "ಕ್ಯಾಶ್‌ಲೆಸ್ ಹೇಗೆ ಮಾಡುವುದು?" ಎಂದಷ್ಟೇ ಕೇಳಿ.

ಆಫೀಸಿನಲ್ಲಿ

ಕುಳಿತು ಮಾಡುವ ಕೆಲಸಕ್ಕೆ 2ರಿಂದ 3 ವಾರ, ಇಡೀ ದಿನ ನಿಂತು ಪಾಠ ಮಾಡುವವರಿಗೆ ಅಥವಾ ಅಂಗಡಿಯವರಿಗೆ 4 ವಾರ, ಹೊರೆ ಹೊರುವ ಕೆಲಸಕ್ಕೆ 6 ವಾರ. ಮನೆಯಿಂದ ಕೆಲಸ ಮಾಡುವ ಅವಕಾಶ ಇದ್ದರೆ ಅದನ್ನು ಮೂರನೇ ವಾರಕ್ಕೆ ಇಟ್ಟುಕೊಳ್ಳಿ. ಮೊದಲ ವಾರವೇ ಲ್ಯಾಪ್‌ಟಾಪ್ ತೆರೆಯಬೇಡಿ.

ರಜೆ ಅರ್ಜಿಯಲ್ಲಿ ಸುಳ್ಳು ಬೇಕಾಗಿಲ್ಲ. "ಲ್ಯಾಪರೋಸ್ಕೋಪಿ ಮೂಲಕ ಹೊಟ್ಟೆಯ ಶಸ್ತ್ರಚಿಕಿತ್ಸೆ, ಮೂರು ವಾರ ವಿಶ್ರಾಂತಿ ಅಗತ್ಯ." ಇದು ಪೂರ್ತಿ ಸತ್ಯ. ಸರ್ಟಿಫಿಕೇಟನ್ನು ಹೀಗೆ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಬಹುದು. ಡಿಸ್ಚಾರ್ಜ್ ಸಮರಿಯನ್ನು ರಜೆ ಅರ್ಜಿಗೆ ಲಗತ್ತಿಸಲು ಹೋಗಬೇಡಿ, ಅದರಲ್ಲಿ ಎಲ್ಲವೂ ಇರುತ್ತದೆ.

ವಾಪಸು ಹೋಗುವುದು ಬುಧವಾರವೋ ಗುರುವಾರವೋ ಇರಲಿ, ಮೂರು ನಾಲ್ಕು ದಿನ ಮಾಡಿದರೆ ಭಾನುವಾರ ಸಿಗುತ್ತದೆ. ಮೊದಲ ತಿಂಗಳು ಸಂಜೆ ನಾಲ್ಕಕ್ಕೆ ಸುಸ್ತು ಬರುತ್ತದೆ. ಆ ಹೊತ್ತಿಗೇ ಕ್ಯಾಂಟೀನಿನಲ್ಲಿ ಗೋಳಿಬಜೆ ಬರುತ್ತದೆ. ಮೇಜಿನ ಮೇಲೆ ನೀರಿನ ಬಾಟಲಿ ಇಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಾ ಇರಿ. ಊಟಕ್ಕೂ ನೀರಿಗೂ ಅರ್ಧ ಗಂಟೆ ಅಂತರ ಬೇಕು. ಸಹೋದ್ಯೋಗಿಗಳ ಜೊತೆ ಕುಳಿತು ಉಣ್ಣುವವರು ಸಣ್ಣ ಡಬ್ಬಿ ತನ್ನಿ. ದೊಡ್ಡ ಡಬ್ಬಿಯಲ್ಲಿ ಅರ್ಧ ಉಳಿಸಿದರೆ ಕಣ್ಣಿಗೆ ಬೀಳುತ್ತದೆ. ಚಿಕ್ಕದರಲ್ಲಿ ಖಾಲಿ ಮಾಡಿದರೆ ಯಾರೂ ನೋಡುವುದಿಲ್ಲ.

ಯಾರಿಗೆ ಹೇಳಬೇಕು, ಉಳಿದವರಿಗೆ ಏನು ಹೇಳಬೇಕು?

ಮನೆಯಲ್ಲಿ ಒಬ್ಬರಿಗೆ ಎಲ್ಲವೂ ಗೊತ್ತಿರಲೇಬೇಕು. ಆಸ್ಪತ್ರೆಯಲ್ಲಿ ಜೊತೆಗಿರುವವರು, ರಾತ್ರಿ ಗಾಡಿ ತೆಗೆಯುವವರು ಅವರೇ. ಅವರಿಂದ ಆಪರೇಷನ್ ಹೆಸರು, ಸರ್ಜನ್ ಫೋನ್ ನಂಬರ್ ಎರಡನ್ನೂ ಬಾಯಿಪಾಠ ಮಾಡಿಸಿ. ಆಫೀಸಿನಲ್ಲಿ ಯಾರಿಗೂ ಹೇಳಬೇಕಿಲ್ಲ, ಆದರೆ ಹತ್ತಿರದ ಒಬ್ಬರಿಗೆ "ನನಗೆ ಏನಾದರೂ ಆದರೆ ಈ ನಂಬರಿಗೆ ಫೋನ್ ಮಾಡಿ" ಎಂದು ಹೇಳಿಡಿ.

ಉಳಿದವರಿಗೆ ಚಿಕ್ಕ ಸತ್ಯ ಸಾಕು. "ಹೊಟ್ಟೆದು ಒಂದು ಸಣ್ಣ ಆಪರೇಷನ್ ಆಯ್ತು, ಈಗ ಆರಾಮ. ನಿಮ್ಮ ಮಗನ ಅಡ್ಮಿಷನ್ ಎಲ್ಲಿ ಆಯ್ತು?" ಮಾತು ಅಲ್ಲಿಗೆ ತಿರುಗುತ್ತದೆ. ಹರ್ನಿಯಾ, ಅಪೆಂಡಿಕ್ಸ್ ಎಂದು ಹೆಸರು ಕೊಡಬೇಡಿ. ಕೇಳಿದವರ ಭಾವನಿಗೂ ಹರ್ನಿಯಾ ಆಗಿರುತ್ತದೆ. ಯಾವ ಡಾಕ್ಟರ್, ಜಾಲಿ ಹಾಕಿದ್ದಾರಾ, ಎಷ್ಟು ಖರ್ಚಾಯ್ತು ಎಂದು ಪ್ರಶ್ನೆ ಬೆಳೆಯುತ್ತದೆ. ಹೇಳಿದ ಸುಳ್ಳನ್ನು ವರ್ಷಗಟ್ಟಲೆ ನೆನಪಿಡಬೇಕಾಗುತ್ತದೆ.

ನಾಲ್ಕನೇ ತಿಂಗಳಿಗೆ ಬೇರೆ ಪ್ರಶ್ನೆ ಬರುತ್ತದೆ: "ಎಂತ ಮಾರಾಯ್ರೆ, ಇಷ್ಟು ಸಪೂರ? ಶುಗರ್ ಉಂಟಾ?" ಇದರ ಹಿಂದೆ ನಿಜವಾದ ಭಯ ಇರುತ್ತದೆ, ದೊಡ್ಡ ಕಾಯಿಲೆ ಇರಬಹುದೇ ಎಂದು. "ಡಾಕ್ಟರ್ ಹೇಳಿದ ಹಾಗೆ ಊಟ ಮಾಡ್ತಾ ಇದ್ದೇನೆ, ಟೆಸ್ಟೆಲ್ಲ ಸರಿ ಉಂಟು" ಎಂದರೆ ಅವರಿಗೂ ನೆಮ್ಮದಿ. ಆದರೆ ತೂಕದಿಂದ ನರಳುತ್ತಿರುವ ಯಾರಾದರೂ ಆಸೆಯಿಂದ "ಹೇಗೆ ಇಳಿಸಿದಿರಿ?" ಎಂದು ಕೇಳಿದರೆ, ಬರೀ ವಾಕಿಂಗ್ ಎಂದು ಹೇಳಬೇಡಿ. ಅವರು ಅದನ್ನೇ ಮಾಡಿ, ಇಳಿಯದೆ, ತಮ್ಮನ್ನೇ ಹಳಿದುಕೊಳ್ಳುತ್ತಾರೆ. "ಡಾಕ್ಟರ್ ಸಹಾಯ ಪಡೆದೆ, ನೀವೂ ಒಮ್ಮೆ ತೋರಿಸಿ" ಎಂದರೆ ನಿಮ್ಮ ಗುಟ್ಟೂ ಉಳಿಯುತ್ತದೆ, ಅವರಿಗೂ ದಾರಿ ಸಿಗುತ್ತದೆ.

ಗುಟ್ಟು ಸೋರುವ ಜಾಗಗಳು

ಆಸ್ಪತ್ರೆಯ ಹೆಸರು ಅಚ್ಚಾದ ಸ್ಕ್ಯಾನಿಂಗ್ ಕವರ್, ಮೆಡಿಕಲ್‌ನ ಚೀಲ. ಮನೆಯಿಂದಲೇ ಒಂದು ಬಟ್ಟೆ ಚೀಲ ಒಯ್ಯಿರಿ. ಕೈಗೆ ಕಟ್ಟಿದ ಪಟ್ಟಿಯನ್ನು ಕಾರು ಹತ್ತುವ ಮೊದಲೇ ಕತ್ತರಿಸಿ. ಫೋನಿನಲ್ಲಿ ಕುಟುಂಬದವರ ಜೊತೆ ಲೊಕೇಶನ್ ಹಂಚಿಕೊಂಡಿದ್ದರೆ ನಿಲ್ಲಿಸಿ. ಹಾಲ್‌ನ ಶೋಕೇಸಿನಲ್ಲಿ ಪ್ರೋಟೀನ್ ಡಬ್ಬ ಇಡಬೇಡಿ, ಬೇರೆ ಭರಣಿಗೆ ಹಾಕಿ.

ಮದುವೆ ಹಾಲ್‌ನಲ್ಲಿ

ಬಫೆ ಇದ್ದರೆ ಸುಲಭ. ತಟ್ಟೆಯಲ್ಲಿ ಎರಡು ತುಂಡು ಮೀನೋ ಚಿಕನ್ನೋ ಹಾಕಿಕೊಂಡು ಮಾತಾಡುತ್ತಾ ತಿರುಗಿದರೆ ಆಯ್ತು. ಬಾಳೆ ಎಲೆಯ ಪಂಕ್ತಿಯಲ್ಲಿ ಬಡಿಸುವವರು ಕೈ ನಿಲ್ಲಿಸುವುದಿಲ್ಲ. ಕೊನೆಯ ಪಂಕ್ತಿಗೆ ಕುಳಿತರೆ ಒತ್ತಾಯ ಕಡಿಮೆ. ಅನ್ನಕ್ಕೆ ಮೊದಲು ತೊವ್ವೆ, ಪಲ್ಯ, ಮೊಸರು ಮುಟ್ಟಿ. ಚೆನ್ನಾಗಿ ಅಗಿದು, ತುತ್ತಿಗೂ ತುತ್ತಿಗೂ ನಡುವೆ ನಿಲ್ಲಿಸಿ. ಒಂದೇ ತುತ್ತು ಹೆಚ್ಚಾದರೂ ಎದೆ ಹಿಡಿದಂತಾಗಿ ಎದ್ದು ಹೋಗಬೇಕಾಗುತ್ತದೆ. ಪಾಯಸ, ಹೋಳಿಗೆಯಲ್ಲಿ ಬೈಪಾಸ್ ಆದವರು ಹೆಚ್ಚು ಜಾಗ್ರತೆ ಇರಬೇಕು. ಸಿಹಿ ಜಾಸ್ತಿಯಾದರೆ ಎದೆ ಬಡಿತ, ಬೆವರು, ತಲೆಸುತ್ತು, ಭೇದಿ ಬರುತ್ತದೆ. ಕೋರಿ ರೊಟ್ಟಿಯ ಗರಿಗರಿ ರೊಟ್ಟಿ ಮೊದಲ ಎರಡು ತಿಂಗಳು ಬೇಡ.

ಮೆಹಂದಿ ರಾತ್ರಿಯ ಕುಡಿತಕ್ಕೆ ಮೊದಲ ವರ್ಷ ಪೂರ್ತಿ ಬೇಡ ಎನ್ನಿ. ಈ ಆಪರೇಷನ್ ಆದ ಮೇಲೆ ಮದ್ಯ ಬೇಗ ಏರುತ್ತದೆ, ಚಟ ಹತ್ತುವ ಅಪಾಯವೂ ಹೆಚ್ಚು. "ಗಾಡಿ ಬಿಡಬೇಕು" ಎಂದರೆ ಯಾರೂ ಒತ್ತಾಯಿಸುವುದಿಲ್ಲ. ನಿಜವಾಗಿ ಗಾಡಿಯನ್ನೂ ನೀವೇ ಬಿಡಿ.

ಗುಟ್ಟು ಮುರಿಯಲೇಬೇಕಾದ ಹೊತ್ತು

ಆಟಿಯಲ್ಲಿ ಮಂಗಳೂರಿನಲ್ಲಿ ಜ್ವರ ಬಂದರೆ ಎಲ್ಲರೂ ಹೇಳುವುದು ಮಲೇರಿಯಾ ಇಲ್ಲವೇ ಡೆಂಗಿ. ಇರಲೂಬಹುದು. ಆದರೆ ಆಪರೇಷನ್ ಆದ ಮೊದಲ ವಾರಗಳಲ್ಲಿ ಜ್ವರ ಎಂದರೆ ಒಳಗಿನ ಹೊಲಿಗೆ ಸೋರುತ್ತಿರಬಹುದು. ಮಾತ್ರೆ ನುಂಗಿ ಬೆಳಗಾಗುವವರೆಗೆ ಕಾಯಬೇಡಿ. ನಾಡಿ ನಿಮಿಷಕ್ಕೆ 120ರ ಆಸುಪಾಸಿಗೆ ಹೋಗಿ ಇಳಿಯದೇ ಇದ್ದರೆ, ಹೊಟ್ಟೆನೋವು ಏರುತ್ತಿದ್ದರೆ, ಎಡ ಭುಜ ನೋಯುತ್ತಿದ್ದರೆ, ಉಸಿರು ಕಟ್ಟಿದರೆ, ಮೀನಖಂಡ ಊದಿ ನೋವಾದರೆ, ನೀರೂ ನಿಲ್ಲದೆ ವಾಂತಿಯಾದರೆ ಕೂಡಲೇ ಸರ್ಜನ್‌ಗೆ ಫೋನ್ ಮಾಡಿ ಹೊರಡಿ. ಅವರು ಸಿಗದಿದ್ದರೆ ಹತ್ತಿರದ ಎಮರ್ಜೆನ್ಸಿಗೆ ಹೋಗಿ, ಆಪರೇಷನ್ ಹೆಸರು ಹೇಳಿಯೇ ತೋರಿಸಿ. ಎದುರಿಗೆ ಪಕ್ಕದ ಮನೆಯವರ ಮಗಳೇ ನರ್ಸ್ ಆಗಿ ನಿಂತಿದ್ದರೂ ಹೇಳಿ.

ಫ್ಯಾಮಿಲಿ ಡಾಕ್ಟರಿಂದಲೂ ಮುಚ್ಚಿಡುವಂತಿಲ್ಲ. ಸೊಂಟನೋವಿಗೆ ಅವರು ಡೈಕ್ಲೋಫೆನಾಕ್ ಕೊಟ್ಟರೆ, ಮುಖ್ಯವಾಗಿ ಬೈಪಾಸ್ ಆದವರಿಗೆ, ಹೊಟ್ಟೆಯಲ್ಲಿ ಹುಣ್ಣಾಗಬಹುದು. ಶುಗರ್ ಮಾತ್ರೆ, ಇನ್ಸುಲಿನ್ ಡೋಸ್ ಆಪರೇಷನ್ ಆದ ಕೂಡಲೇ ಬದಲಾಗುತ್ತದೆ, ಹಳೆಯ ಚೀಟಿ ನೋಡಿ ತೆಗೆದುಕೊಂಡರೆ ಶುಗರ್ ಕುಸಿಯುತ್ತದೆ. ದಂತವೈದ್ಯರಿಗೂ ತಿಳಿಸಿ.

ತಪಾಸಣೆ ಸಾಮಾನ್ಯವಾಗಿ 1, 3, 6, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ. ತಪಾಸಣೆಯ ದಿನಗಳನ್ನು ಫೋನಿನ ಕ್ಯಾಲೆಂಡರಿನಲ್ಲಿ "ಬ್ಯಾಂಕ್ ಕೆಲಸ" ಎಂದು ಹಾಕಿಕೊಳ್ಳಿ, ಅಡ್ಡಿಯಿಲ್ಲ. ಮತ್ತೆ ಪರ್ಸಿನಲ್ಲಿ ಆಧಾರ್ ಕಾರ್ಡಿನ ಹಿಂದೆ ಒಂದು ಚೀಟಿ ಇಡಿ: ಯಾವ ಆಪರೇಷನ್, ಯಾವ ದಿನಾಂಕ, ಯಾವ ಆಸ್ಪತ್ರೆ, ಸರ್ಜನ್ ನಂಬರ್, ಡೈಕ್ಲೋಫೆನಾಕ್ ಮತ್ತು ಐಬುಪ್ರೊಫೇನ್ ಕೊಡಬಾರದು, ವಾಂತಿ ನಿಲ್ಲದಿದ್ದರೆ ಗ್ಲೂಕೋಸ್ ಡ್ರಿಪ್‌ಗೆ ಮೊದಲು ಥಯಾಮಿನ್ (ವಿಟಮಿನ್ ಬಿ1) ಕೊಡಬೇಕು. ಮಳೆಗೆ ನೆನೆಯದ ಹಾಗೆ ಲ್ಯಾಮಿನೇಟ್ ಮಾಡಿಸಿ.